ಚಳಿಗಾಲದ ಮ್ಯಾಮ್ ಟಾರ್ ನಡಿಗೆ: ಜೊತೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಷೆಫೀಲ್ಡ್, ಮ್ಯಾಂಚೆಸ್ಟರ್ ಕಡೆಯ ಕನ್ನಡದ ಗೆಳೆಯರು ಕೆಲವರು ಸೇರಿ ಚಳಿಗಾಲದಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳಲ್ಲಿ ನಡೆಯಲು ಹೋಗುತ್ತೇವೆ. ದಾರಿ ಹೆಚ್ಚುಕಮ್ಮಿ ಯಾವಾಗಲೂ ಒಂದೇ. ಈಡೇಲ್ ರೈಲು ನಿಲ್ದಾಣದಲ್ಲಿ ಇಳಿದು ಹಾಲಿನ್ಸ್ ಕ್ರಾಸ್‌ಗೆ ಹತ್ತುವುದು, ಅಲ್ಲಿಂದ ಮ್ಯಾಮ್ ಟಾರ್ ನೆತ್ತಿಗೆ ಹೋಗಿ ಬರುವುದು, ಆಮೇಲೆ ಬೆಟ್ಟದ ಸಾಲಿನ ಮೇಲೆಯೇ ಬ್ಯಾಕ್ ಟಾರ್, ಲೂಜ್ ಹಿಲ್ ದಾಟಿ ಹೋಪ್ ಊರಿಗೆ ಇಳಿದು ರೈಲು ಹತ್ತುವುದು. ಹೊಸಬರು ಕೇಳುವ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇವೆ.

ಒಟ್ಟು ಎಷ್ಟು ದೂರ? ಎಷ್ಟು ಹೊತ್ತು ಹಿಡಿಯುತ್ತದೆ?

ಸುಮಾರು 12 ಕಿ.ಮೀ. ಮ್ಯಾಮ್ ಟಾರ್ 517 ಮೀಟರ್, ಲೂಜ್ ಹಿಲ್ 476 ಮೀಟರ್ ಎತ್ತರ. ನಡುವೆ ಇಳಿದು ಹತ್ತುವುದನ್ನೂ ಸೇರಿಸಿದರೆ ಒಟ್ಟು ಏರು 450 ಮೀಟರ್ ಆಸುಪಾಸು.

ಇಲ್ಲಿನ ನಡಿಗೆಯವರು 1892ರಿಂದ ಬಳಸುತ್ತಿರುವ ನೇಸ್ಮಿತ್ ಲೆಕ್ಕ ಎಂಬುದೊಂದಿದೆ. ಐದು ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ನಮ್ಮ ದಾರಿ ಮೂರು ಗಂಟೆ ಚಿಲ್ಲರೆ ಆಗಬೇಕು. ಆದರೆ ಆ ಲೆಕ್ಕದಲ್ಲಿ ಕೆಸರಿಲ್ಲ, ಎದುರುಗಾಳಿಯಿಲ್ಲ, ಊಟವಿಲ್ಲ, ಬೇಲಿ ಮೆಟ್ಟಿಲಿನ ಹತ್ತಿರ ಹದಿನೈದು ಜನ ಸಾಲಾಗಿ ಕಾಯುವುದೂ ಇಲ್ಲ. ಗುಂಪಾಗಿ ಹೋಗುವಾಗ ಐದು ಗಂಟೆ ಇಟ್ಟುಕೊಳ್ಳಿ.

ಚಳಿಗಾಲದಲ್ಲೇ ಯಾಕೆ? ಬೇಸಿಗೆಯಲ್ಲಿ ಹೋದರೆ ಹಿತ ಅಲ್ವಾ?

ಬೇಸಿಗೆಯಲ್ಲೂ ಹೋಗಿ, ಚೆನ್ನಾಗಿರುತ್ತದೆ. ಆದರೆ ಜನಕ್ಕೆ ಜೊತೆ ಬೇಕಾಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರುವ ತಿಂಗಳುಗಳು ಅವು. ನಮ್ಮ ಕಡೆಯಿಂದ ಬಂದವರಿಗೆ, ಅದರಲ್ಲೂ ಮೊದಲ ವರ್ಷ ಇಲ್ಲಿ ಒಬ್ಬರೇ ಇರುವವರಿಗೆ, ಈ ಕಾಲ ತುಂಬ ಭಾರ. ಹಗಲು ಬೆಳಕಿನಲ್ಲಿ ಐದು ಗಂಟೆ ನಡೆದು, ದಾರಿಯುದ್ದಕ್ಕೂ ಕನ್ನಡದಲ್ಲಿ ಹರಟಿದರೆ ಆ ವಾರವೇ ಬೇರೆ ಥರ ಕಳೆಯುತ್ತದೆ. ನಾವು ಇದನ್ನು ಶುರು ಮಾಡಿದ್ದೇ ಆ ಕಾರಣಕ್ಕೆ.

ಇನ್ನೊಂದು ಕಾರಣ ಕಣ್ಣಿಗೆ ಸಂಬಂಧಪಟ್ಟದ್ದು. ರಾತ್ರಿ ಗಾಳಿಯಿಲ್ಲದೆ ಚೆನ್ನಾಗಿ ಚಳಿ ಬಿದ್ದರೆ ತಣ್ಣನೆಯ ಗಾಳಿ ಕಣಿವೆಯ ತಳಕ್ಕೆ ಇಳಿದು ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ನಿಲ್ಲುತ್ತದೆ. ಬೆಳಗ್ಗೆ ಹೋಪ್ ಕಣಿವೆ ಪೂರ್ತಿ ಮಂಜು ತುಂಬಿ, ನೀವು ಮಾತ್ರ ಅದರ ಮೇಲೆ ಬಿಸಿಲಿನಲ್ಲಿ ನಿಂತಿರುತ್ತೀರಿ. ಹೋಪ್ ಸಿಮೆಂಟ್ ಕಾರ್ಖಾನೆಯ ಚಿಮಣಿ ಒಂದೇ ಮೋಡದಿಂದ ತಲೆ ಎತ್ತಿರುತ್ತದೆ. ಪ್ರತಿಸಲ ಸಿಗುವ ನೋಟ ಅಲ್ಲ. ಸಿಕ್ಕ ದಿನ ಯಾರೂ ಅಲ್ಲಿಂದ ಹೊರಡಲು ಒಪ್ಪುವುದಿಲ್ಲ.

ಬೆಳಗ್ಗೆ ಅಷ್ಟು ಬೇಗ ಹೊರಡಲೇಬೇಕಾ? ಶನಿವಾರ ನಿದ್ದೆ ಬಿಡೋದು ಕಷ್ಟ.

ಹೊರಡಲೇಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 8:20ರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ 3:50ಕ್ಕೆ. ಏಳೂವರೆ ಗಂಟೆ ಹಗಲು, ಅಷ್ಟೇ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ. ಹಾಗಾಗಿ ನಮ್ಮ ಮೈಗೆ ಈ ಲೆಕ್ಕ ಹೊಂದುವುದೇ ಇಲ್ಲ. ಊಟ ಆಯಿತು, ಇನ್ನೂ ಹೊತ್ತಿದೆ ಅನ್ನಿಸುತ್ತದೆ. ಹೊತ್ತು ಇರುವುದಿಲ್ಲ. ಮೋಡ ಕವಿದ ದಿನ ಮೂರು ಗಂಟೆಗೇ ಹೆಜ್ಜೆ ಇಡುವ ಕಲ್ಲು ಸರಿಯಾಗಿ ಕಾಣುವುದಿಲ್ಲ.

ಅದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಹತ್ತು ಗಂಟೆಗೆ ಈಡೇಲ್‌ನಿಂದ ನಡಿಗೆ ಶುರು. ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲು ಮ್ಯಾಮ್ ಟಾರ್‌ನಿಂದ ಹಾಲಿನ್ಸ್ ಕ್ರಾಸ್‌ಗೆ ವಾಪಸ್ ಬಂದಿರಬೇಕು. ಬಂದಿಲ್ಲ ಅಂದರೆ ಲೂಜ್ ಹಿಲ್ ಆಸೆ ಬಿಟ್ಟು ಅಲ್ಲಿಂದಲೇ ಇಳಿಯುತ್ತೇವೆ. ಒಂದು ಕಡೆ ಇಳಿದರೆ ಈಡೇಲ್, ಇನ್ನೊಂದು ಕಡೆ ಇಳಿದರೆ ಕ್ಯಾಸಲ್‌ಟನ್. ಎಷ್ಟೇ ಬಿಸಿಲಿರಲಿ, ಎಲ್ಲರೂ ಎಷ್ಟೇ ಹುರುಪಿನಲ್ಲಿರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಆದರೂ ಎಲ್ಲರ ಹತ್ತಿರ ಹೆಡ್‌ಟಾರ್ಚ್ ಇರಬೇಕು. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಜೊತೆಗೆ ಒಂದು ಕೈ ಅದಕ್ಕೇ ಹೋಗುತ್ತದೆ.

ನನಗೆ ಬೆಟ್ಟ ಹತ್ತಿ ಅಭ್ಯಾಸವಿಲ್ಲ. ನನ್ನಿಂದ ಉಳಿದವರಿಗೆ ತೊಂದರೆ ಆಗುತ್ತದಲ್ಲ?

ಆಗುವುದಿಲ್ಲ. ಗುಂಪು ನಡೆಯುವುದೇ ಎಲ್ಲರಿಗಿಂತ ನಿಧಾನ ನಡೆಯುವವರ ವೇಗದಲ್ಲಿ. ಮುಂದೆ ದಾರಿ ಗೊತ್ತಿರುವವರೊಬ್ಬರು, ಕಟ್ಟಕಡೆಗೆ ಬ್ಯಾಕ್‌ಮಾರ್ಕರ್ ಒಬ್ಬರು. ಅವರಿಬ್ಬರ ನಡುವೆ ನೀವು ಎಲ್ಲಿ ಬೇಕಾದರೂ ಇರಬಹುದು. ಬ್ಯಾಕ್‌ಮಾರ್ಕರ್ ಹಿಂದೆ ಯಾರೂ ಉಳಿಯಬಾರದು. ಪ್ರತಿ ಗೇಟಿನಲ್ಲೂ ತಲೆ ಎಣಿಸುತ್ತೇವೆ. ಎಣಿಕೆ ಸರಿಹೋಗುವ ತನಕ ಮುಂದಿನವರು ಕಾಯುತ್ತಾರೆ.

ಹಿಂದೆ ಉಳಿದವರು ಬಂದು ಸೇರಿದ ಕೂಡಲೇ ಮುಂದಿನವರು ಎದ್ದು ಹೊರಟರೆ ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಸುಸ್ತಾದವರಿಗೇ ಕಡಿಮೆ ವಿಶ್ರಾಂತಿ ಸಿಗುವುದು ಅನ್ಯಾಯ. ಆದ್ದರಿಂದ ನಿಂತ ಕಡೆಯೆಲ್ಲ ಕೊನೆಯವರು ಬಂದು, ನೀರು ಕುಡಿದು, ‘ಹೂಂ, ಹೋಗೋಣ’ ಅಂದ ಮೇಲೆಯೇ ಹೊರಡುವುದು. ಮೊದಲ ಏರು, ಅಂದರೆ ಈಡೇಲ್‌ನಿಂದ ಹಾಲಿನ್ಸ್ ಕ್ರಾಸ್‌ವರೆಗಿನದು, ಉಸಿರು ಹತ್ತಿಸುತ್ತದೆ. ಅದು ದಾಟಿದರೆ ಅರ್ಧ ಗೆದ್ದಂತೆ.

ಯಾವ ಶೂ ಹಾಕಬೇಕು?

ಪಾದದ ಗಂಟು ಮುಚ್ಚುವ, ತಳದಲ್ಲಿ ಆಳವಾದ ಹಲ್ಲುಗಳಿರುವ ವಾಕಿಂಗ್ ಬೂಟು. ಜಿಮ್‌ಗೆ ಹಾಕುವ ರನ್ನಿಂಗ್ ಶೂ ಬೇಡ. ಮ್ಯಾಮ್ ಟಾರ್ ಮೇಲೆ ಜನ ತುಳಿದು ಮಣ್ಣು ಕೊಚ್ಚಿಹೋಗದಿರಲಿ ಅಂತ ದಾರಿಗೆಲ್ಲ ಕಲ್ಲು ಚಪ್ಪಡಿ ಹಾಸಿದ್ದಾರೆ. ಸಾವಿರಾರು ಕಾಲುಗಳು ಸವೆಸಿದ ಆ ಚಪ್ಪಡಿಯ ನಡುವೆ ಚಿಕ್ಕ ತಗ್ಗು ಇರುತ್ತದೆ. ತಗ್ಗಿನಲ್ಲಿ ನೀರು ನಿಂತು ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ನೋಡಿದರೆ ಸುಮ್ನೆ ಒದ್ದೆ ಕಲ್ಲಿನ ಥರ ಕಾಣುತ್ತದೆ. ಕಾಲಿಟ್ಟರೆ ಗೊತ್ತಾಗುವುದು ಐಸ್ ಅಂತ. ಅಂಥ ದಿನ ಚಪ್ಪಡಿ ಬಿಟ್ಟು ಪಕ್ಕದ ಹುಲ್ಲಿನ ಅಂಚಿನಲ್ಲಿ ನಡೆಯಿರಿ, ಇಲ್ಲವೇ ಬೂಟಿಗೆ ಸಿಕ್ಕಿಸುವ ಚಿಕ್ಕ ಕಬ್ಬಿಣದ ಮುಳ್ಳುಗಳ ಮೈಕ್ರೋಸ್ಪೈಕ್ ಹಾಕಿಕೊಳ್ಳಿ. ಗುಂಪಿನಲ್ಲಿ ಕೆಲವು ಜೋಡಿ ಇವೆ. ಮೊದಲೇ ಹೇಳಿದರೆ ತಂದುಕೊಡುತ್ತೇವೆ.

ಹೊಸ ಬೂಟಾದರೆ ಎರಡು ವಾರ ಮನೆಯಲ್ಲಿ, ಅಂಗಡಿಗೆ ಹೋಗುವಾಗ ಹಾಕಿ ಪಳಗಿಸಿ.

ಬಟ್ಟೆ? ಆಫೀಸಿಗೆ ಹಾಕುವ ದಪ್ಪ ಕೋಟು ಸಾಕಾ?

ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಒಳ್ಳೆಯದು. ಮೈಗೆ ತಾಗುವಂತೆ ಥರ್ಮಲ್, ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಏರು ಹತ್ತುವಾಗ ಬೆವರುತ್ತೀರಿ, ಆಗ ಒಂದು ಪದರ ತೆಗೆಯಬೇಕು. ಬೆವರಿದ ಮೈಯಲ್ಲೇ ನೆತ್ತಿಯ ಗಾಳಿಗೆ ನಿಂತರೆ ಐದು ನಿಮಿಷದಲ್ಲಿ ನಡುಕ ಶುರುವಾಗುತ್ತದೆ.

ಜೀನ್ಸ್ ದಯವಿಟ್ಟು ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕೈಗವಸು (ಒಂದು ಒದ್ದೆಯಾಗಿಯೇ ಆಗುತ್ತದೆ), ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇರಲಿ. ಬೆಟ್ಟದ ಮೇಲೆ ನಿಲ್ದಾಣಕ್ಕಿಂತ ಸುಮಾರು ಎರಡು ಡಿಗ್ರಿ ಮಾತ್ರ ಕಡಿಮೆ. ಆದರೆ ಆ ಸಾಲಿನ ಮೇಲೆ ಗಾಳಿಗೆ ಅಡ್ಡ ಒಂದು ಮರವೂ ಇಲ್ಲ. ಚಳಿ ಮಾಡುವುದು ಗಾಳಿ.

ಸೀರೆ, ಚೂಡಿದಾರ್ ಉಟ್ಟು ಬರಬಹುದಾ ಅಂತ ಅಮ್ಮಂದಿರು ಕೇಳುತ್ತಾರೆ. ಹಿರಿಯರಿಗಾಗಿ ಇರುವ ಕಣಿವೆಯ ಸಮತಟ್ಟು ನಡಿಗೆಗೆ (ಕೆಳಗೆ ಹೇಳಿದ್ದೇವೆ) ಚೂಡಿದಾರ್ ಒಳಗೆ ಥರ್ಮಲ್ ಹಾಕಿ ಬರಬಹುದು. ಬೆಟ್ಟಕ್ಕೆ ಬೇಡ. ದುಪಟ್ಟಾ, ಸೆರಗು ಬೇಲಿ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ.

ಊಟಕ್ಕೆ ಏನು ತರಬೇಕು?

ಕೈಗವಸು ಹಾಕಿಕೊಂಡೇ, ನಿಂತುಕೊಂಡೇ ತಿನ್ನುವಂಥದ್ದು. ಚಪಾತಿಗೆ ಪಲ್ಯ ಸುತ್ತಿ ತರುವುದು ಎಲ್ಲಕ್ಕಿಂತ ಸಲೀಸು. ಚಿತ್ರಾನ್ನ ತಂದವರ ಡಬ್ಬಿಯಲ್ಲಿ ಎಣ್ಣೆ ಹೆಪ್ಪುಗಟ್ಟಿ ಅನ್ನ ಗಟ್ಟಿಯಾಗಿರುತ್ತದೆ, ಹಾಗಾಗಿ ಅನ್ನ ತರಬೇಕೆಂದರೆ ಬಿಸಿ ಡಬ್ಬಿಯಲ್ಲಿ ತನ್ನಿ. ಜೇಬಿನಲ್ಲಿ ಶೇಂಗಾ ಚಿಕ್ಕಿ, ಕೋಡುಬಳೆ, ಖರ್ಜೂರ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಅಥವಾ ಶುಂಠಿ ಕಷಾಯ. ನೀರನ್ನೂ ಮರೆಯಬೇಡಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ.

ಕಿತ್ತಳೆ, ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತರಬೇಕು. ಈ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ.

ದಾರಿ ಯಾರದೋ ಹೊಲದೊಳಗೆ ಹೋಗುತ್ತದೆ. ಯಾರಾದರೂ ಬಂದು ಬೈದರೆ? ಟಿಕೆಟ್ಟು, ಪರ್ಮಿಟ್ಟು ಬೇಕಾ?

ಏನೂ ಬೇಡ. ಕುಮಾರ ಪರ್ವತಕ್ಕೆ ಅರಣ್ಯ ಇಲಾಖೆಯಲ್ಲಿ ಬುಕ್ ಮಾಡಿ ಹೋಗಿ ಅಭ್ಯಾಸ ಇರುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿ ಖಾಸಗಿ ಜಮೀನಿನ ಮೂಲಕ ಹೋದರೂ ಅದರಲ್ಲಿ ನಡೆಯುವುದು ಎಲ್ಲರ ಹಕ್ಕು. ಗೇಟಿನ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರ ದಾರಿ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ ಕೂಡ ಬರಬಹುದು.

ಈ ಹಕ್ಕು ಸುಮ್ನೆ ಬಂದದ್ದಲ್ಲ. ಬೆಟ್ಟದ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಈಡೇಲ್ ಕಣಿವೆಯ ಆಚೆ ಉದ್ದಕ್ಕೆ ಕಪ್ಪಗೆ ಕಾಣುವುದು ಕಿಂಡರ್ ಸ್ಕೌಟ್, ಪೀಕ್ ಡಿಸ್ಟ್ರಿಕ್ಟ್‌ನ ಅತಿ ಎತ್ತರದ ಜಾಗ, 636 ಮೀಟರ್. ಒಂದು ಕಾಲಕ್ಕೆ ಅದು ಜಮೀನ್ದಾರರು ಗ್ರೌಸ್ ಹಕ್ಕಿ ಬೇಟೆಗೆ ಇಟ್ಟುಕೊಂಡ ಜಾಗ. ಕಾವಲುಗಾರರು ಯಾರನ್ನೂ ಬಿಡುತ್ತಿರಲಿಲ್ಲ. ವಾರವಿಡೀ ಮ್ಯಾಂಚೆಸ್ಟರ್, ಷೆಫೀಲ್ಡ್ ಕಾರ್ಖಾನೆಗಳ ಹೊಗೆಯಲ್ಲಿ ದುಡಿಯುವವರಿಗೆ ಭಾನುವಾರ ಒಂದಿಷ್ಟು ಒಳ್ಳೆಯ ಗಾಳಿ ಬೇಕಿತ್ತು. 1932ರ ಏಪ್ರಿಲ್ 24ರಂದು ಹೇಫೀಲ್ಡ್ ಊರಿನಿಂದ ನೂರಾರು ಜನ ಬೇಕೆಂದೇ ಆ ಬೆಟ್ಟಕ್ಕೆ ನುಗ್ಗಿದರು. ಮುಂದಾಳು ಬೆನ್ನಿ ರಾಥ್‌ಮನ್, ಆಗ ಅವರಿಗೆ ಇಪ್ಪತ್ತು ವರ್ಷ. ಕಾವಲುಗಾರರ ಜೊತೆ ತಳ್ಳಾಟ ಆಯಿತು, ಆರು ಜನರನ್ನು ಪೊಲೀಸರು ಹಿಡಿದರು, ಐವರಿಗೆ ಜೈಲಾಯಿತು. ಆ ಶಿಕ್ಷೆಯ ಸುದ್ದಿಯೇ ಜನರನ್ನು ಇನ್ನಷ್ಟು ಕೆರಳಿಸಿತು.

ಆಮೇಲೆ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಪೀಕ್ ಡಿಸ್ಟ್ರಿಕ್ಟ್ ಘೋಷಣೆಯಾಯಿತು. 2000ದ ಇನ್ನೊಂದು ಕಾನೂನು ಬೆಟ್ಟ, ಬಯಲು, ಹೀದರ್ ಪೊದೆಗಳ ಮೂರ್‌ಲ್ಯಾಂಡ್‌ಗಳಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕು ಕೊಟ್ಟಿತು.

ನಾವು ಕೊನೆಗೆ ಹತ್ತುವ ಲೂಜ್ ಹಿಲ್ ನೆತ್ತಿಗೂ ಇಂಥದೇ ಕಥೆ ಇದೆ. ಷೆಫೀಲ್ಡ್‌ನ ಜಿ. ಎಚ್. ಬಿ. ವಾರ್ಡ್ ಎಂಬ ಕಾರ್ಮಿಕ ನಾಯಕರು 1900ರಲ್ಲಿ ದುಡಿಯುವ ಜನರ ನಡಿಗೆ ಕೂಟ ಕಟ್ಟಿದರು. ಅವರ ಮೊದಲ ನಡಿಗೆ ಕಿಂಡರ್ ಸುತ್ತ, ಬಂದವರು ಹದಿನಾಲ್ಕು ಜನ. 1945ರಲ್ಲಿ ಷೆಫೀಲ್ಡ್‌ನ ನಡಿಗೆಯವರು ಈ ನೆತ್ತಿಯ ಜಮೀನನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟರು. ವಾರ್ಡ್ ಅದನ್ನು ತಾವು ಇಟ್ಟುಕೊಳ್ಳದೆ, ಇಂಥ ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. ಆ ಜಾಗಕ್ಕೆ ಇವತ್ತಿಗೂ ವಾರ್ಡ್ಸ್ ಪೀಸ್ ಅಂತಲೇ ಹೆಸರು. ನಾವು ಅಲ್ಲಿ ಕಾಫಿ ಕುಡಿಯಲು ನಿಲ್ಲುತ್ತೇವೆ, ಮಕ್ಕಳು ಬಂದಿದ್ದರೆ ಈ ಕಥೆ ಹೇಳುತ್ತೇವೆ. ನಾವು ವಲಸೆ ಬಂದವರು, ನಮಗೆ ಈ ಹೊಲಗಳಲ್ಲಿ ಹಕ್ಕಿದೆಯಾ ಅಂತ ಹಿಂಜರಿಯುವವರಿಗೂ ಇದೇ ಉತ್ತರ. ಈ ದಾರಿಗಳಲ್ಲಿ ಮೊದಲು ಹೆಜ್ಜೆ ಹಾಕಿದವರನ್ನೂ ‘ಇದು ನಿಮ್ಮ ಜಾಗ ಅಲ್ಲ’ ಅಂತಲೇ ಓಡಿಸಿದ್ದರು.

ಗೇಟು, ಕುರಿಗಳ ವಿಷಯದಲ್ಲಿ ಏನು ನೆನಪಿಡಬೇಕು?

ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದಿರಲಿ. ಚಳಿಗಾಲದಲ್ಲಿ ಹೆಣ್ಣು ಕುರಿಗಳು ಗಬ್ಬವಾಗಿರುತ್ತವೆ. ಓಡಿಸಬೇಡಿ, ಫೋಟೋಕ್ಕಾಗಿ ಹತ್ತಿರ ಹೋಗಬೇಡಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳನ್ನು ಹತ್ತಲೇಬಾರದು. ನಾಯಿ ತರುವವರು ಹಗ್ಗ ಬಿಡಬಾರದು.

ದಾರಿಯಲ್ಲಿ ನೋಡುವಂಥದ್ದು ಏನಿದೆ?

ಮ್ಯಾಮ್ ಟಾರ್ ನೆತ್ತಿಯ ಸುತ್ತ ಮಣ್ಣಿನ ದಿಬ್ಬ, ಕಂದಕ ಕಾಣುತ್ತದೆ. ಅದು ಕಬ್ಬಿಣ ಯುಗದ ಕೋಟೆ. ಈ ಬೆಟ್ಟಕ್ಕೆ ನಡುಗುವ ಬೆಟ್ಟ ಅಂತಲೂ ಹೆಸರು. ಕೆಳಗೆ ಮೆತ್ತನೆಯ ಶೇಲ್ ಕಲ್ಲು, ಮೇಲೆ ಮರಳುಗಲ್ಲು. ನೀರು ಇಂಗಿದಾಗ ಕೆಳಗಿನದು ಜಾರುತ್ತದೆ. ಸಾವಿರಾರು ವರ್ಷಗಳಿಂದ ಜಾರುತ್ತಲೇ ಇದೆ.

ಪೂರ್ವದ ಕಡಿದಾದ ಮುಖದ ಕೆಳಗೆ ನೋಡಿ, ಒಂದು ಟಾರು ರಸ್ತೆ ಮುರಿದು ಬಿದ್ದಿದೆ. ಅದು ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಕಟ್ಟಿ, ಆಮೇಲೆ ಎ625 ಆದ ಹೆದ್ದಾರಿ. ಬೆಟ್ಟ ಜಾರಿದಾಗಲೆಲ್ಲ ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ವಾಹನಗಳಿಗೆ ಮುಚ್ಚಿಬಿಟ್ಟರು. ಕ್ಯಾಸಲ್‌ಟನ್ ಕಡೆ ಇಳಿದ ದಿನ ಹತ್ತಿರ ಹೋಗಿ ನೋಡುತ್ತೇವೆ. ರಸ್ತೆ ಬಾಯಿ ಬಿಟ್ಟ ಕಡೆ ಡಾಂಬರು ಪದರದ ಮೇಲೆ ಪದರವಾಗಿ ಕಾಣುತ್ತದೆ. ಒಂದೊಂದು ಪದರವೂ ಒಂದೊಂದು ಸಲದ ರಿಪೇರಿ. ನಡುಗೆರೆಯ ಬಿಳಿ ಬಣ್ಣ ಒಂದು ಕಡೆ ನಿಂತು, ಆಳೆತ್ತರ ಕೆಳಗೆ ಮತ್ತೆ ಮುಂದುವರಿಯುತ್ತದೆ. ಎಂಜಿನಿಯರಿಂಗ್ ಓದಿದವರು ಅಲ್ಲಿಂದ ಕದಲುವುದಿಲ್ಲ.

ಹಾಲಿನ್ಸ್ ಕ್ರಾಸ್ ಸಾಲಿನ ತಗ್ಗಿನ ಜಾಗ. ಈಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಶವಗಳನ್ನು ಹೊತ್ತು ಇದೇ ದಾರಿಯಲ್ಲಿ ಬೆಟ್ಟ ದಾಟಿಸಿ ಮಣ್ಣು ಮಾಡಲು ಒಯ್ಯುತ್ತಿದ್ದರು. ಚಳಿಗಾಲದಲ್ಲೂ.

ಹಿಮ ಬಿದ್ದರೆ ರದ್ದಾಗುತ್ತದಾ?

ಹಿಮಕ್ಕಲ್ಲ, ಗಾಳಿಗೆ ಮತ್ತು ಐಸ್‌ಗೆ ರದ್ದಾಗುತ್ತದೆ. ಹೊಸದಾಗಿ ಬಿದ್ದ ಮೆತ್ತನೆಯ ಹಿಮದಲ್ಲಿ ನಡೆಯುವುದು ಸುಲಭ, ಖುಷಿ ಕೂಡ. ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಕಷ್ಟ. ಬ್ಯಾಕ್ ಟಾರ್‌ನ ಏರು ಕಡಿದು, ಮಣ್ಣು ಕಿತ್ತಿದೆ, ಪಕ್ಕದಲ್ಲೇ ಪ್ರಪಾತ. ಅಲ್ಲಿ ಐಸ್ ಇದ್ದರೆ ಹತ್ತುವುದಿಲ್ಲ. ಅದರ ಬುಡದಲ್ಲೇ ಈಡೇಲ್ ಕಡೆಗೆ ಇಳಿಯುವ ದಾರಿ ಇದೆ.

ಹಿಂದಿನ ಸಂಜೆ ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ಕೊಡುವ ಪೀಕ್ ಡಿಸ್ಟ್ರಿಕ್ಟ್ ಬೆಟ್ಟದ ಹವಾಮಾನ ನೋಡುತ್ತೇವೆ. ಊರಿನ ಹವಾಮಾನ ನೋಡಿ ನಂಬಬೇಡಿ. ಆಂಬರ್ ಎಚ್ಚರಿಕೆ (ಹಳದಿಗಿಂತ ಗಂಭೀರವಾದದ್ದು) ಇದ್ದರೆ ಮಾತೇ ಇಲ್ಲ, ರದ್ದು. ಹಳದಿ ಇದ್ದರೆ ಯಾವುದಕ್ಕೆ ಅಂತ ನೋಡಿ ತೀರ್ಮಾನ. ರಾತ್ರಿ ಎಂಟಕ್ಕೆ ಗುಂಪಿನ ವಾಟ್ಸಾಪ್‌ನಲ್ಲಿ ತಿಳಿಸುತ್ತೇವೆ.

ಯಾರಿಗಾದರೂ ಏಟಾದರೆ ಏನು ಮಾಡುತ್ತೀರಿ?

ಮೊದಲು ಎಲ್ಲರೂ ನಿಲ್ಲುವುದು. ಏಟಾದವರು ಅಲ್ಲಾಡದೆ ಕೂತರೆ ಬೇಗ ತಣ್ಣಗಾಗುತ್ತಾರೆ, ಅದೇ ದೊಡ್ಡ ಅಪಾಯ. ನಮ್ಮ ಹತ್ತಿರ ಗ್ರೂಪ್ ಶೆಲ್ಟರ್ ಇದೆ. ಕಂಬವಿಲ್ಲದ, ತೆಳು ನೈಲಾನ್‌ನ ಕಿತ್ತಳೆ ಬಣ್ಣದ ದೊಡ್ಡ ಚೀಲ. ಎಂಟು ಜನ ದುಂಡಗೆ ಕೂತು ತಲೆ ಮೇಲಿಂದ ಎಳೆದುಕೊಂಡು, ಅಂಚನ್ನು ಕುಂಡಿ ಕೆಳಗೆ ಸಿಕ್ಕಿಸಿಕೊಂಡು ಕೂರಬೇಕು. ಗಾಳಿಯ ಸದ್ದು ಒಮ್ಮೆಲೇ ಇಳಿಯುತ್ತದೆ, ಐದು ನಿಮಿಷದಲ್ಲಿ ಎಲ್ಲರ ಉಸಿರಿಗೇ ಒಳಗೆ ಬೆಚ್ಚಗಾಗುತ್ತದೆ. ಊಟಕ್ಕೂ ಅದರೊಳಗೇ ಕೂತು ಅಭ್ಯಾಸ ಮಾಡಿಸುತ್ತೇವೆ.

ಸಹಾಯ ಬೇಕಾದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು. ಬರುವವರು ಪೂರ್ತಿ ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಈಡೇಲ್ ಕಡೆ ಸಿಗ್ನಲ್ ಅಷ್ಟಕ್ಕಷ್ಟೆ. ಆದ್ದರಿಂದ ಹೊರಡುವ ಮೊದಲೇ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಎಸ್ಸೆಮ್ಮೆಸ್ ಮಾಡಿ ನೋಂದಾಯಿಸಿಕೊಳ್ಳಿ. ಆಮೇಲೆ ಮಾತಾಡಲು ಸಿಗ್ನಲ್ ಸಾಲದಿದ್ದರೂ ಮೆಸೇಜ್ ಹೋಗುತ್ತದೆ. ಅದೂ ಇಲ್ಲದಿದ್ದರೆ ಸೀಟಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ.

ಜೊತೆಯವರನ್ನು ಗಮನಿಸುತ್ತಿರಿ. ಹರಟುತ್ತಿದ್ದವರು ಸುಮ್ಮನಾದರೆ, ಜಿಪ್ ಹಾಕಲು ಬೆರಳು ತಡವರಿಸಿದರೆ, ನಾಲಿಗೆ ತೊದಲಿದರೆ ಅದು ಸುಸ್ತಲ್ಲ, ಮೈ ಶಾಖ ಇಳಿಯುತ್ತಿದೆ ಅಂತ ತಿಳಿಯಿರಿ. ಅವರು ‘ಪರವಾಗಿಲ್ಲ’ ಅಂದರೂ ನಮಗೆ ಹೇಳಿ. ನಮ್ಮವರು ಎಲ್ಲದಕ್ಕೂ ಪರವಾಗಿಲ್ಲ ಅನ್ನುವವರೇ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರನ್ನೂ ಕರೆತರಬಹುದಾ?

ಖಂಡಿತ. ಅವರಿಗೆ ಬೆಟ್ಟ ಬೇಡ, ಹೋಪ್‌ನಿಂದ ಕ್ಯಾಸಲ್‌ಟನ್‌ಗೆ ನದಿ ಪಕ್ಕದ ಹೊಲಗಳಲ್ಲಿ ಸಮತಟ್ಟಾದ ದಾರಿ ಇದೆ. ಕ್ಯಾಸಲ್‌ಟನ್‌ನಲ್ಲಿ ಪೆವರಿಲ್ ಕೋಟೆ ಕೆಳಗಿನಿಂದಲೇ ಕಾಣುತ್ತದೆ, ಗುಹೆಗಳಿವೆ, ಅಲ್ಲಿ ಸಿಗುವ ಬ್ಲೂ ಜಾನ್ ಎಂಬ ನೇರಳೆ ಹಳದಿ ಪಟ್ಟೆಯ ಕಲ್ಲಿನ ಒಡವೆ ಅಂಗಡಿಗಳಿವೆ, ಬೆಚ್ಚಗೆ ಕೂರಲು ಚಹಾ ಅಂಗಡಿಗಳಿವೆ. ಗುಂಪಿನಿಂದ ಇಬ್ಬರು ಅವರ ಜೊತೆಗೇ ಇರುತ್ತಾರೆ. ಹಿರಿಯರನ್ನು ಮನೆಯಲ್ಲಿ ಟಿವಿ ಮುಂದೆ ಕೂರಿಸಿ ನಾವು ಬರುವುದು ಬೇಡ. ಪ್ರಯಾಣ ವಿಮೆಯ ಕಾಗದ ಮಾತ್ರ ಜೊತೆಗಿರಲಿ. ಎ ಆ್ಯಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಚಿಕಿತ್ಸೆಗೆ ದುಡ್ಡಿಲ್ಲ, ಆದರೆ ದಾಖಲಾದರೆ ಪ್ರವಾಸಿ ವೀಸಾದವರಿಗೆ ಬಿಲ್ ಬರುತ್ತದೆ.

ಮಕ್ಕಳು?

ಎಂಟು ವರ್ಷದ ಮೇಲಿನವರು, ಅಪ್ಪನೋ ಅಮ್ಮನೋ ಜೊತೆಗಿದ್ದರೆ. ಹೊತ್ತುಕೊಳ್ಳುವ ಕೂಸುಗಳು ಚಳಿಗಾಲದಲ್ಲಿ ಬೇಡ. ನಡೆಯುವವರಿಗೆ ಬೆಚ್ಚಗಿರುತ್ತದೆ, ಬೆನ್ನ ಮೇಲೆ ಕೂತ ಮಗುವಿಗೆ ಇರುವುದಿಲ್ಲ.

ಶೌಚಾಲಯ?

ಈಡೇಲ್ ನಿಲ್ದಾಣದ ಹತ್ತಿರ ಇದೆ, ಕ್ಯಾಸಲ್‌ಟನ್‌ನಲ್ಲಿದೆ. ನಡುವೆ ಇಲ್ಲ, ಮರೆಗೆ ಮರವೂ ಇಲ್ಲ. ಅವಸರವಾದರೆ ಬ್ಯಾಕ್‌ಮಾರ್ಕರ್‌ಗೆ ಹೇಳಿ, ಗುಂಪು ಮುಂದೆ ಹೋಗಿ ಕಾಯುತ್ತದೆ. ಟಿಶ್ಯೂ ಚೀಲಕ್ಕೆ ಹಾಕಿ ತನ್ನಿ.

ಕಾರಿನಲ್ಲಿ ಬರಬಹುದಾ?

ಬರಬಹುದು, ಆದರೆ ನಾವು ಹತ್ತುವುದು ಒಂದು ಊರಿನಲ್ಲಿ, ಇಳಿಯುವುದು ಇನ್ನೊಂದರಲ್ಲಿ. ರೈಲೇ ಸಲೀಸು. ಈಡೇಲ್, ಹೋಪ್ ಎರಡೂ ಷೆಫೀಲ್ಡ್-ಮ್ಯಾಂಚೆಸ್ಟರ್ ಮಾರ್ಗದ ನಿಲ್ದಾಣಗಳು. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಆಫ್-ಪೀಕ್ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ಗ್ರೂಪ್‌ಸೇವ್ ಅಂತ ಕೇಳಿ. ಕಾರೇ ಬೇಕಾದರೆ ಐಸ್ ಇರುವ ಬೆಳಗ್ಗೆ ವಿನ್ನಾಟ್ಸ್ ಪಾಸ್ ಕಡೆ ಹೋಗಬೇಡಿ. ಗೂಗಲ್ ಅದೇ ಹತ್ತಿರದ ದಾರಿ ಅಂದರೂ ಬೇಡ, ತೀರಾ ಕಡಿದು.

ಕಿಂಡರ್ ಮೇಲಕ್ಕೆ ಯಾವಾಗ ಕರೆದೊಯ್ಯುತ್ತೀರಿ?

ಏಪ್ರಿಲ್‌ನಲ್ಲಿ, ಹಗಲು ಉದ್ದವಾದ ಮೇಲೆ. ಕಿಂಡರ್ ನೆತ್ತಿ ಚಪ್ಪಟೆ, ಎಲ್ಲ ಕಡೆ ಒಂದೇ ಥರ ಕಾಣುವ ಕಪ್ಪು ಪೀಟ್ (ಅರೆಕೊಳೆತ ಗಿಡಗಳ ಮಣ್ಣು) ಕೆಸರು. ಮಂಜು ಕವಿದರೆ ದಿಕ್ಕು ತಪ್ಪುವುದು ಬಹಳ ಸುಲಭ. ಬರುವ ಆಸೆ ಇರುವವರು ಈ ಚಳಿಗಾಲದಲ್ಲೇ ನಕ್ಷೆ, ದಿಕ್ಸೂಚಿ ನೋಡುವುದನ್ನು ಕಲಿತುಕೊಳ್ಳಿ. ಆರ್ಡ್‌ನೆನ್ಸ್ ಸರ್ವೆಯ ಓಎಲ್1 ನಕ್ಷೆ ತನ್ನಿ, ಹಾಲಿನ್ಸ್ ಕ್ರಾಸ್‌ನಲ್ಲಿ ಊಟಕ್ಕೆ ಕೂತಾಗ ಹೇಳಿಕೊಡುತ್ತೇವೆ. ಅಲ್ಲಿ ಬಿಳಿ ಮೊಲಗಳಿವೆ, ಚಳಿಗಾಲಕ್ಕೆ ಮೈಬಣ್ಣ ಬದಲಿಸುವ ಮೌಂಟನ್ ಹೇರ್. ಇಂಗ್ಲೆಂಡಿನಲ್ಲಿ ಅವು ಇರುವುದು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮಾತ್ರ. ಏಪ್ರಿಲ್ ಮೊದಲ ವಾರಗಳಲ್ಲಿ ಹೋದರೆ ಹಿಮ ಕರಗಿದ್ದರೂ ಕೆಲವು ಇನ್ನೂ ಅರೆಬಿಳಿಯಾಗಿಯೇ ಇರುತ್ತವೆ, ಕಪ್ಪು ಕೆಸರಿನ ಮೇಲೆ ದೂರದಿಂದಲೇ ಕಾಣುತ್ತವೆ. ದುರ್ಬೀನು ಇದ್ದವರು ತನ್ನಿ.